ಹಿಂದಿನ ಪಾದದ ಮೂರು ಡಿಗ್ರಿ

3 ಡಿಗ್ರಿ ಎಂದರೆ ತೀರ ಸಣ್ಣ ಕೋನ. ಗಡಿಯಾರದ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ಸರಿಯುವುದು ಅಷ್ಟೇ. ನೋಡುತ್ತ ಕೂತರೂ ಅದು ಸರಿದದ್ದು ಕಣ್ಣಿಗೆ ತಿಳಿಯುವುದಿಲ್ಲ. ಸ್ನೋಬೋರ್ಡಿಗೆ ಬೂಟನ್ನು ಬಿಗಿದಿಡುವ ಬೈಂಡಿಂಗ್ ಬಿಚ್ಚಿದರೆ ನಡುವೆ ಒಂದು ದುಂಡು ತಟ್ಟೆ ಸಿಗುತ್ತದೆ. ಅದರ ಅಂಚಿನಲ್ಲಿ ಹಾಕಿರುವ ಗೀರುಗಳು ಈ 3 ಡಿಗ್ರಿ ಲೆಕ್ಕದವೇ. ಗಟ್ಟಿಯಾಗಿ ಒತ್ತಿ ಸಮಮಾಡಿದ ಹಿಮದ ದಾರಿಯಲ್ಲಿ ಒಂದು ಗೀರು ಆಚೀಚೆಯಾದರೆ ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಆದರೆ ರಾತ್ರಿಯಿಡೀ ಬಿದ್ದು ಮೊಳಕಾಲುದ್ದ ನಿಂತ ಹೊಸ ಹಿಮದಲ್ಲಿ ಅದೇ ಒಂದು ಗೀರನ್ನು ಮಂಡಿ ಗುರುತಿಸುತ್ತದೆ, ತೊಡೆ ಗುರುತಿಸುತ್ತದೆ, ಸಂಜೆ ಮೆಟ್ಟಿಲು ಹತ್ತುವಾಗ ಸೊಂಟವೂ ಗುರುತಿಸುತ್ತದೆ. ಹಿಮದ ಹುಚ್ಚು ಹಿಡಿದ ಮೇಲೆ ನಾನು ಕಲಿತ ಪಾಠಗಳಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ: ಪೌಡರ್ ಎಂದು ಕರೆಯುವ ಇಂಥ ಹೊಸ ಹಿಮದಲ್ಲಿ ಸುಖವಾಗಿ ಇಳಿಯುವುದು ಬೋರ್ಡಿನ ಬೆಲೆಯನ್ನು ಅವಲಂಬಿಸಿಲ್ಲ. ಪಾದಕ್ಕೂ ಬೋರ್ಡಿಗೂ ನಡುವೆ ಇರುವ ಬೂಟು ಮತ್ತು ಬೈಂಡಿಂಗ್, ಇವೆರಡು ಸರಿಯಾಗಿ ಕೂತಿವೆಯೇ ಎಂಬುದನ್ನು ಅವಲಂಬಿಸಿದೆ.

ಸ್ನೋಬೋರ್ಡ್ ಹತ್ತಿರದಿಂದ ನೋಡಿರದವರಿಗಾಗಿ ಎರಡು ಮಾತು. ಸ್ಕೀಯಲ್ಲಿ ಕಾಲಿಗೊಂದು ಪಟ್ಟಿ, ಎರಡೂ ಪಾದ ನೇರ ಮುಂದಕ್ಕೆ. ಸ್ನೋಬೋರ್ಡಿನಲ್ಲಿ ಎರಡೂ ಕಾಲಿಗೆ ಒಂದೇ ಹಲಗೆ, ಅದರ ಮೇಲೆ ನಾವು ಅಡ್ಡಲಾಗಿ ನಿಲ್ಲುತ್ತೇವೆ. ಎಡಗಾಲು ಮುಂದಿಡುವವರು ರೆಗ್ಯುಲರ್, ಬಲಗಾಲು ಮುಂದಿಡುವವರು ಗೂಫಿ. ಹಲಗೆಯ ಉದ್ದಕ್ಕೆ ಸರಿಯಾಗಿ ಅಡ್ಡಗೆರೆ ಎಳೆದರೆ ಅದು ಸೊನ್ನೆ ಡಿಗ್ರಿ. ಬೆರಳುಗಳು ಬೋರ್ಡಿನ ಮೂತಿಯ ಕಡೆ ತಿರುಗಿದರೆ ಪ್ಲಸ್, ಬಾಲದ ಕಡೆ ತಿರುಗಿದರೆ ಮೈನಸ್. ಮುಂದಿನ ಪಾದ ಪ್ಲಸ್ 15, ಹಿಂದಿನ ಪಾದ ಮೈನಸ್ 15 ಇಟ್ಟರೆ ಎರಡೂ ಪಾದ ಹೊರಮುಖವಾಗಿ ನಿಲ್ಲುತ್ತವೆ. ಇದು ಡಕ್ ಸ್ಟಾನ್ಸ್. ಎರಡೂ ಪ್ಲಸ್ ಆದರೆ, ಉದಾಹರಣೆಗೆ ಮುಂದಿನದು 21, ಹಿಂದಿನದು 6, ಅದು ಮುಂಮುಖದ ನಿಲುವು. ಕೋನದ ಜೊತೆಗೆ ಇನ್ನೆರಡು ಅಳತೆಗಳಿವೆ. ಎರಡು ಪಾದಗಳ ನಡುವಿನ ಅಗಲ ಒಂದು. ಎರಡೂ ಬೈಂಡಿಂಗನ್ನು ನಡುಮಧ್ಯದಿಂದ ಬಾಲದ ಕಡೆಗೆ ಎಷ್ಟು ಸರಿಸಿದ್ದೇವೆ ಎಂಬ ಸೆಟ್‌ಬ್ಯಾಕ್ ಇನ್ನೊಂದು. ಇವೆಲ್ಲವನ್ನೂ ಹಿಡಿದಿಡುವುದು ಸಾಮಾನ್ಯವಾಗಿ ಬೈಂಡಿಂಗಿಗೆ ನಾಲ್ಕರಂತೆ ಇರುವ ಸ್ಕ್ರೂಗಳು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯಲ್ಲಿ. ಈಗಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಸ್ವಲ್ಪ ಉತ್ತರಕ್ಕೆ. ಚಳಿಗಾಲ ಬಂತೆಂದರೆ ಕಣ್ಣು ಮೌಂಟ್ ಬೇಕರ್ ಕಡೆಗೇ. ಬೆಲ್ಲಿಂಗ್‌ಹ್ಯಾಮ್ ಊರಿನಿಂದ 542ನೇ ಹೆದ್ದಾರಿ ಹಿಡಿದು, ಗ್ಲೇಸಿಯರ್ ಎಂಬ ಪುಟ್ಟ ಹಳ್ಳಿ ದಾಟಿ, ದೇವದಾರು ಜಾತಿಯ ಮರಗಳ ನಡುವೆ ತಿರುವು ತಿರುವಾಗಿ ಹತ್ತಿದರೆ ದಾರಿಯ ಕೊನೆಯಲ್ಲಿ ಅಲ್ಲಿನ ಸ್ಕೀ ತಾಣ. ದೊಡ್ಡ ಹೋಟೆಲುಗಳಿಲ್ಲ, ಥಳುಕಿಲ್ಲ. ಲಿಫ್ಟುಗಳು ಮುಟ್ಟುವ ತುದಿಯೂ ಸುಮಾರು 1,550 ಮೀಟರ್, ಅಷ್ಟೇ. ಆದರೂ 1998–99ರ ಚಳಿಗಾಲದಲ್ಲಿ ಇಲ್ಲಿ ಬಿದ್ದ ಹಿಮ 1,140 ಇಂಚು, ಅಂದರೆ ಸುಮಾರು 29 ಮೀಟರ್. ಒಂದು ಋತುವಿನಲ್ಲಿ ಅಳೆದು ದಾಖಲಿಸಿದ ಹಿಮಪಾತಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಎಂದು ಅದನ್ನು ಒಪ್ಪಲಾಗಿದೆ.

ಇಷ್ಟು ಹಿಮ ಯಾಕೆ ಬೀಳುತ್ತದೆ ಎನ್ನುವುದು ಆಗುಂಬೆಯ ಆಸುಪಾಸಿನವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ಸಹ್ಯಾದ್ರಿಗೆ ಬಡಿದು, ಮೇಲೇರಿ, ತಣಿದು ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಸುತ್ತದೆ. ಇಲ್ಲಿ ಪೆಸಿಫಿಕ್ ಸಾಗರದ ಗಾಳಿ ಕ್ಯಾಸ್ಕೇಡ್ ಬೆಟ್ಟಸಾಲಿಗೆ ಬಡಿದು ಹಾಗೇ ಮೇಲೇರುತ್ತದೆ. ಕೆಳಗಿನ ಸಿಯಾಟಲ್‌ಗೆ ಮಳೆ, ಮೇಲಿನ ಬೇಕರಿಗೆ ಹಿಮ. ಕಾರಣ ಒಂದೇ, ಉಷ್ಣಾಂಶ ಬೇರೆ. ಸಮುದ್ರ ಹತ್ತಿರವಿರುವುದರಿಂದ ಇಲ್ಲಿ ಹಿಮ ಬೀಳುವ ಹೊತ್ತಿಗೆ ಚಳಿ ಸೊನ್ನೆಯ ಆಸುಪಾಸಿನಲ್ಲೇ ಇರುವುದು ಹೆಚ್ಚು. ಹಾಗಾಗಿ ಹಿಮದಲ್ಲಿ ನೀರಿನ ಅಂಶ ಜಾಸ್ತಿ, ತೂಕವೂ ಜಾಸ್ತಿ. 10 ಸೆಂಟಿಮೀಟರ್ ಹೊಸ ಹಿಮ ಕರಗಿದರೆ 1 ಸೆಂಟಿಮೀಟರ್ ನೀರು ಎಂಬುದು ಸಾಧಾರಣ ಲೆಕ್ಕ. ಒಳನಾಡಿನ ಯೂಟಾದಲ್ಲಿ, ಜಪಾನಿನ ಹೊಕ್ಕೈಡೊದಲ್ಲಿ ಹಿಮ ಅದಕ್ಕಿಂತ ಹಗುರವಾಗಿ ಬೀಳುವುದುಂಟು. ನಮ್ಮ ಕಡೆಯದು ಅದಕ್ಕಿಂತ ಭಾರವಾಗಿ ಬೀಳುವ ದಿನಗಳು ಸಾಕಷ್ಟು. ಅಂಥ ದಿನದ ಹಿಮವನ್ನು ಇಲ್ಲಿನವರು ಕ್ಯಾಸ್ಕೇಡ್ ಕಾಂಕ್ರೀಟ್ ಎನ್ನುತ್ತಾರೆ. ನಿಲುವಿನ ಬಗ್ಗೆ, ಬೂಟಿನ ಬಗ್ಗೆ ನಾನು ಮುಂದೆ ಹೇಳುವ ಮಾತುಗಳೆಲ್ಲ ಈ ಭಾರದ ಹಿಮದಲ್ಲಿ ಪಳಗಿದವು.

ಆಳವಾದ ಹಿಮದಲ್ಲಿ ಬರೀ ಬೂಟು ಹಾಕಿ ಕಾಲಿಟ್ಟರೆ ತೊಡೆಯವರೆಗೆ ಹೂತುಹೋಗುತ್ತೇವೆ. ಅದೇ ಮೈತೂಕ ಬೋರ್ಡಿನ ಅಗಲಕ್ಕೆ ಹರಡಿದಾಗ ಒತ್ತಡ ಕಡಿಮೆಯಾಗಿ ಸ್ವಲ್ಪವೇ ಇಳಿಯುತ್ತೇವೆ. ವೇಗ ಬಂದ ಮೇಲೆ ಅಡಿಯ ಹಿಮ ಬೋರ್ಡಿನ ತಳವನ್ನು ಮೇಲಕ್ಕೆ ಒತ್ತುತ್ತದೆ, ಬೋರ್ಡು ತೇಲುತ್ತದೆ. ಆದರೆ ಇದಕ್ಕೊಂದು ಷರತ್ತು: ಮೂತಿ ಮೇಲಿರಬೇಕು. ಮೂತಿ ಒಮ್ಮೆ ಹಿಮದೊಳಗೆ ನುಗ್ಗಿತೋ, ಬೋರ್ಡು ನಿಂತುಬಿಡುತ್ತದೆ, ಸವಾರ ಮುಂದಕ್ಕೆ ಮಗುಚುತ್ತಾನೆ. ಹೀಗಾಗದಿರಲಿ ಎಂದು ಎಲ್ಲರೂ ತಾವಾಗಿಯೇ ಮಾಡುವುದು ಒಂದೇ ಕೆಲಸ. ತೂಕವನ್ನೆಲ್ಲ ಹಿಂದಿನ ಕಾಲಿಗೆ ಹಾಕಿ ಬೆನ್ನನ್ನು ಹಿಂದಕ್ಕೆ ವಾಲಿಸುತ್ತಾರೆ. ಮೂತಿ ಮೇಲೇಳುತ್ತದೆ ನಿಜ. ಆದರೆ ಇಳಿಜಾರಿನುದ್ದಕ್ಕೂ ಅರ್ಧ ಕೂತ ಭಂಗಿಯಲ್ಲಿ ಒಂದೇ ತೊಡೆಯ ಮೇಲೆ ನಿಲ್ಲುವುದು ಯಾರ ಕೈಲಾಗುತ್ತದೆ? ಪೌಡರಿನಲ್ಲಿ ದಿನ ಕಳೆದವರೆಲ್ಲ ಬಲ್ಲ ಆ ತೊಡೆಯುರಿ ಶುರುವಾಗುವುದು ಇಲ್ಲಿಂದ.

ನನ್ನ ಅಕ್ಕನ ಮಗ ಗಡಿಯಾಚೆ ವ್ಯಾಂಕೂವರಿನಲ್ಲಿ ಓದುತ್ತಿದ್ದಾನೆ. ಅವನಿಗೆ ಬೇಕರ್ ಹತ್ತಿರ. ಬಾಡಿಗೆ ಬೋರ್ಡಿನಲ್ಲೇ ಒಳ್ಳೆಯ ಹಿಡಿತ ಗಳಿಸಿದ್ದ ಹುಡುಗ, ಹಿಮ ಚೆನ್ನಾಗಿ ಬಿದ್ದ ಒಂದು ಬೆಳಿಗ್ಗೆ ನನ್ನ ಜೊತೆ ಬಂದ. ಇಳಿಜಾರಿನ ನಡುವೆ ನಿಂತು ತೊಡೆ ಹಿಡಿದುಕೊಂಡ.

“ಮಾವ, ಹಿಂದಿನ ತೊಡೆ ಉರೀತಾ ಇದೆ. ನಂಗೆ ಶಕ್ತಿ ಸಾಲ್ತಾ ಇಲ್ವೇನೋ.”

“ಶಕ್ತಿ ಬೇಕಾದಷ್ಟಿದೆ ಮಾರಾಯ. ನಿಂತಿರೋ ಜಾಗ ಸರಿ ಇಲ್ಲ, ಅಷ್ಟೇ” ಎಂದೆ.

ಕೆಳಗೆ ಲಾಡ್ಜಿಗೆ ಬಂದು ಅವನ ಬೈಂಡಿಂಗ್ ನೋಡಿದೆ. ಬಾಡಿಗೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇಟ್ಟುಕೊಡುವಂತೆ ಪ್ಲಸ್ 15, ಮೈನಸ್ 15, ನಡುಮಧ್ಯದಲ್ಲಿ, ಅಗಲವಾಗಿ. ಮೊದಲು ಎರಡೂ ಬೈಂಡಿಂಗನ್ನು ಒಂದೊಂದು ತೂತು ಹಿಂದಕ್ಕೆ ಸರಿಸಿದೆವು. ಮೂತಿಯ ಕಡೆ ಹಲಗೆ ಉದ್ದವಾಯಿತು, ಬಾಲದ ಕಡೆ ಗಿಡ್ಡವಾಯಿತು. ಸಮತೂಕದಲ್ಲಿ ನೆಟ್ಟಗೆ ನಿಂತರೂ ಮೂತಿ ತೇಲುವಂತಾದರೆ ಬೆನ್ನು ವಾಲಿಸುವ ಅಗತ್ಯವೇ ಕಡಿಮೆ. ಸೆಟ್‌ಬ್ಯಾಕ್ ಎಂಬ ಉಪಾಯದ ಸಾರ ಇಷ್ಟೇ. ಹೀಗೆ 2ರಿಂದ 4 ಸೆಂಟಿಮೀಟರ್ ಸರಿಸಿದರೆ ಸಾಮಾನ್ಯ ಬೋರ್ಡೂ ಪೌಡರಿಗೆ ಒಗ್ಗುತ್ತದೆ. ಪೌಡರಿಗೆಂದೇ ಮಾಡಿದ ಬೋರ್ಡುಗಳಲ್ಲಿ ಮೂತಿ ಅಗಲ, ಬಾಲ ಕಿರಿದು, ತೂತುಗಳನ್ನು ಮೊದಲೇ ಹಿಂದೆ ಕೊರೆದಿರುತ್ತಾರೆ. ಕೆಲವಕ್ಕೆ ಮೀನಿನ ಬಾಲದಂಥ ಸೀಳು ಬಾಲವೂ ಇರುತ್ತದೆ. ಎಲ್ಲದರ ಉದ್ದೇಶ ಒಂದೇ, ಬಾಲ ಮುಳುಗಲಿ, ಮೂತಿ ಏಳಲಿ.

ಆಮೇಲೆ ಮುಖ್ಯವಾದ ಕೆಲಸ. ಅವನ ಮುಂದಿನ ಪಾದವನ್ನು 18ಕ್ಕೆ ತಂದು, ಹಿಂದಿನ ಪಾದವನ್ನು ಮೈನಸ್ 15ರಿಂದ ಮೈನಸ್ 6ಕ್ಕೆ ತಿರುಗಿಸಿದೆವು. ಇಳಿದು ಬಂದ. ಇನ್ನೆರಡು ಗೀರು ತಿರುಗಿಸಿ ಸೊನ್ನೆಗೆ ತಂದೆವು. ಮತ್ತೆ ಇಳಿದು ಬಂದ. ಇನ್ನೊಂದು ಗೀರು, ಪ್ಲಸ್ 3. ಆ ಸಲ ಕೆಳಗೆ ಬಂದವನ ಮುಖದಲ್ಲಿ ಬೇರೆಯದೇ ಬೆಳಕು.

“ಮಾವ, ಈಗ ಎರಡು ಮಂಡೀನೂ ಒಂದೇ ಕಡೆ ನೋಡ್ತಾ ಇವೆ!”

ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ಹೇಳುವುದು ನನಗೆ ಗೊತ್ತಿಲ್ಲ. ಇಳಿಯುವಾಗ ಕಣ್ಣು, ಎದೆ, ಮುಂದಿನ ಮಂಡಿ ಎಲ್ಲವೂ ದಾರಿಯ ಕಡೆ ನೋಡುತ್ತಿರುತ್ತವೆ. ಡಕ್ ಸ್ಟಾನ್ಸಿನಲ್ಲಿ ಹಿಂದಿನ ಮಂಡಿ ಮಾತ್ರ ಬಂದ ದಾರಿಯ ಕಡೆಗೆ ತಿರುಗಿ ನಿಂತಿರುತ್ತದೆ. ಪೌಡರಿನಲ್ಲಿ ಆ ಮಂಡಿಯ ಮೇಲೇ ಹೆಚ್ಚು ತೂಕ ಬೀಳುವುದು. ಸೊಂಟ ಒಂದು ಕಡೆ, ಪಾದ ಇನ್ನೊಂದು ಕಡೆ ಎಳೆದಾಗ ತಿರುಚು ತಗಲುವುದು ನಡುವಿನ ಮಂಡಿಗೆ. ಹಿಂದಿನ ಪಾದವನ್ನು ಸೊನ್ನೆಗೋ ತುಸು ಪ್ಲಸ್ಸಿಗೋ ತಂದರೆ ಹಿಂದಿನ ಮಂಡಿ ಮುಂದಿನದರ ಹತ್ತಿರಕ್ಕೆ ಬಾಗುತ್ತದೆ, ಸೊಂಟ ಇಳಿಜಾರಿಗೆ ತೆರೆದುಕೊಳ್ಳುತ್ತದೆ. ತಿರುವನ್ನು ಹಿಂದಿನ ಪಾದದಿಂದ ಮೆಲ್ಲನೆ ಒತ್ತಿ ನಡೆಸಬಹುದು. ಭಾರದ ಹಿಮದಲ್ಲಿ ಬೋರ್ಡನ್ನು ಝಾಡಿಸಿ ತಿರುಗಿಸಲು ಹೋದರೆ ಹಿಮ ಬಿಡುವುದಿಲ್ಲ. ಒತ್ತಿ, ಕಾದು, ಅದು ಮೇಲೆತ್ತಿದಾಗ ಹಗುರಾಗಿ ತಿರುಗಬೇಕು. ಆ ಕಾಯುವಿಕೆಗೆ ಮುಂಮುಖದ ನಿಲುವು ಒಪ್ಪುತ್ತದೆ.

ಸ್ನೋಬೋರ್ಡಿನ ಚರಿತ್ರೆ ನೋಡಿದರೆ ಇದು ಹೊಸ ಸಂಗತಿಯೇನಲ್ಲ. 1965ರಲ್ಲಿ ಮಿಷಿಗನ್‌ನ ಮಸ್ಕೀಗನ್ ಊರಿನಲ್ಲಿ ಶೆರ್ಮನ್ ಪಾಪೆನ್ ಎರಡು ಸ್ಕೀಗಳನ್ನು ಜೋಡಿಸಿ ತನ್ನ ಹೆಣ್ಣುಮಕ್ಕಳಿಗೆ ಆಟಿಕೆ ಮಾಡಿಕೊಟ್ಟಾಗ ಅದಕ್ಕೆ ಬೈಂಡಿಂಗೇ ಇರಲಿಲ್ಲ. ಸ್ನರ್ಫರ್ ಹೆಸರಿನಲ್ಲಿ ಮಾರಾಟಕ್ಕೆ ಬಂದ ಆ ಹಲಗೆಯ ಮೂತಿಗೆ ಹಿಡಿದುಕೊಳ್ಳಲು ಒಂದು ಹಗ್ಗ. 1970ರ ದಶಕದಲ್ಲಿ ಯೂಟಾದ ಆಳವಾದ ಹಿಮಕ್ಕಾಗಿ ದಿಮಿತ್ರಿಯೆ ಮಿಲೋವಿಚ್ ವಿಂಟರ್‌ಸ್ಟಿಕ್ ಬೋರ್ಡುಗಳನ್ನು ಮಾಡಿದ. ಸರ್ಫಿಂಗಿನ ಪ್ರೇರಣೆ, ಸೀಳು ಬಾಲ, ತೇಲುವುದೇ ಗುರಿ. 1977ರಲ್ಲಿ ವರ್ಮಾಂಟ್‌ನಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ತನ್ನ ಕಂಪನಿ ಶುರುಮಾಡಿದ. ಆಗ ಸ್ಕೀ ತಾಣಗಳಲ್ಲಿ ಬೋರ್ಡಿಗೆ ಪ್ರವೇಶವಿದ್ದದ್ದೇ ಅಪರೂಪ. ಸವಾರರು ಬೆಟ್ಟ ಹತ್ತಿ, ಯಾರೂ ತುಳಿಯದ ಹಿಮದಲ್ಲಿ ಇಳಿಯುತ್ತಿದ್ದರು. ಹಾಗಾಗಿ ಪಾದಗಳೂ ಮುಂದಕ್ಕೇ ತಿರುಗಿದ್ದವು.

ಆಮೇಲೆ ಹಿಮದಲ್ಲಿ ಅರ್ಧ ಕೊಳವೆಯಂತೆ ಕೊರೆದ ಹಾಫ್‌ಪೈಪ್ ಬಂತು, ಜಿಗಿದು ಕಸರತ್ತು ಮಾಡಲೆಂದೇ ಕಟ್ಟಿದ ಪಾರ್ಕುಗಳು ಬಂದವು. ಎರಡೂ ದಿಕ್ಕಿಗೆ ಸಮನಾಗಿ ಸವಾರಿ ಮಾಡಬೇಕು, ಗಾಳಿಯಲ್ಲಿ ಸುತ್ತಿ ಹಿಂದುಮುಂದಾಗಿ ಇಳಿಯಬೇಕು. ಅದಕ್ಕೆ ಎರಡೂ ತುದಿ ಒಂದೇ ಆಕಾರದ ಬೋರ್ಡು, ನಡುಮಧ್ಯದ ಅಗಲ ನಿಲುವು, ಎರಡೂ ಪಾದ ಹೊರಮುಖ. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸಿಗೆ ಸ್ನೋಬೋರ್ಡಿಂಗ್ ಸೇರುವ ಹೊತ್ತಿಗೆ ಟಿ.ವಿ.ಯಲ್ಲಿ ಮೆರೆಯುತ್ತಿದ್ದದ್ದು ಆ ಪಾರ್ಕಿನ ಶೈಲಿ. ಅಂಗಡಿಗಳೂ ಅದನ್ನೇ ಎಲ್ಲರಿಗೂ ಸೂತ್ರವಾಗಿ ಕೊಟ್ಟವು. ಪಾರ್ಕಿಗೆ ಅದು ಸರಿಯಾದ ಸೂತ್ರ, ತಕರಾರಿಲ್ಲ. ಆದರೆ ಆಳವಾದ ಹಿಮ ಕೇಳುವುದು ಬೇರೆ.

ಇದನ್ನು ಮರೆಯದೆ ಹಿಡಿದುಕೊಂಡವರು ಎಲ್ಲ ಕಾಲದಲ್ಲೂ ಇದ್ದರು. ಹೊಕ್ಕೈಡೊದ ನಿಸೆಕೊದಲ್ಲಿ ತಾರೊ ತಮಾಯಿ ಕಟ್ಟಿದ ಗೆಂಟೆಮ್‌ಸ್ಟಿಕ್, ಸಮುದ್ರದಲ್ಲಿ ಸರ್ಫ್ ಮಾಡುವವನ ಕಣ್ಣಿನಿಂದ ಹಿಮವನ್ನು ನೋಡಿ ಬೋರ್ಡು ಮಾಡುವ ಪರಂಪರೆ. ಸೈಬೀರಿಯದ ಶೀತಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿ ಅಲ್ಲಿ ಸುರಿಸುವ ಹಗುರ ಹಿಮದಲ್ಲಿ, ಮರಗಳ ನಡುವೆ, ಅವರು ನಿಧಾನದ ತಿರುವುಗಳನ್ನು ಆರಾಧಿಸುತ್ತಾರೆ. ನಮ್ಮ ಬೇಕರಿನಲ್ಲೇ 1985ರಿಂದ ನಡೆಯುತ್ತಿರುವ ಲೆಜೆಂಡರಿ ಬ್ಯಾಂಕ್ಡ್ ಸ್ಲಾಲಂ ಎಂಬ ಸ್ಪರ್ಧೆಯಿದೆ. ಸಹಜವಾಗಿ ಮೂಡಿದ ಕೊರಕಲಿನಲ್ಲಿ ಗೇಟುಗಳ ನಡುವೆ ಇಳಿಯಬೇಕು, ಗೆದ್ದವರಿಗೆ ಬಹುಮಾನ ಬಂಗಾರದ ಬಣ್ಣದ ಡಕ್ಟ್ ಟೇಪಿನ ಸುರುಳಿ. ಮೊದಲ ವರ್ಷ ಗೆದ್ದವನು ಟಾಮ್ ಸಿಮ್ಸ್. ಇದೇ ಬೆಟ್ಟದಲ್ಲಿ ಪಳಗಿದ ಕ್ರೇಗ್ ಕೆಲ್ಲಿ ನಾಲ್ಕು ಸಲ ವಿಶ್ವ ಚಾಂಪಿಯನ್ ಆದವನು. ಖ್ಯಾತಿಯ ತುದಿಯಲ್ಲಿದ್ದಾಗ ಸ್ಪರ್ಧೆಗಳನ್ನು ಬಿಟ್ಟು ಬೆಟ್ಟದ ಸಹಜ ಹಿಮದ ಕಡೆ ನಡೆದ. 2003ರ ಜನವರಿಯಲ್ಲಿ ಕೆನಡಾದ ರೆವೆಲ್‌ಸ್ಟೋಕ್ ಬಳಿ ಹಿಮಕುಸಿತದಲ್ಲಿ ತೀರಿಕೊಂಡ. ಅವನ ಹಳೆಯ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಅವನ ದೇಹದಲ್ಲಿ ಎಲ್ಲೂ ಹೆಣಗಾಟ ಕಾಣುವುದಿಲ್ಲ. ಮಂಡಿ, ಸೊಂಟ, ಭುಜ ಎಲ್ಲವೂ ಹೋಗುವ ಕಡೆಗೇ ಹೋಗುತ್ತಿರುತ್ತವೆ.

ಹಾಗೆಂದು ಎಲ್ಲರೂ ಡಕ್ ಬಿಡಬೇಕು ಎಂದು ನಾನು ಹೇಳುವುದಿಲ್ಲ. ಡಕ್ ಸ್ಟಾನ್ಸಿನಲ್ಲೇ ಅದ್ಭುತವಾಗಿ ಪೌಡರ್ ಇಳಿಯುವವರಿದ್ದಾರೆ. ದೇಹಗಳೂ ಬೇರೆ ಬೇರೆ. ಕೆಲವರ ಸೊಂಟದ ಕೀಲೇ ಪಾದವನ್ನು ಹೊರಕ್ಕೆ ತಿರುಗಿಸುತ್ತದೆ, ಅವರಿಗೆ ಹಿಂದಿನ ಪಾದ ಪ್ಲಸ್ಸಿಗೆ ಬಂದರೆ ಹಿಂಸೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬರಿಗಾಲಲ್ಲಿ ನೆಲದ ಮೇಲೆ ಬೋರ್ಡಿನ ಅಗಲಕ್ಕೆ ಕಾಲಿಟ್ಟು ನಿಲ್ಲಿ. ಮುಖ ಎಡಕ್ಕೋ ಬಲಕ್ಕೋ, ಇಳಿಯುವ ದಿಕ್ಕಿಗೆ ತಿರುಗಿರಲಿ. ನಿಧಾನವಾಗಿ ಮಂಡಿ ಬಾಗಿಸಿ. ಎರಡೂ ಮಂಡಿ ತಂತಮ್ಮ ಪಾದದ ಬೆರಳುಗಳ ನೇರಕ್ಕೇ ಬಾಗುತ್ತಿದ್ದರೆ ಆ ಕೋನ ನಿಮ್ಮದು. ಮಂಡಿ ಒಳಕ್ಕೋ ಹೊರಕ್ಕೋ ಜಾರಿದರೆ ಪಾದವನ್ನು ತುಸು ತಿರುಗಿಸಿ ಮತ್ತೆ ನೋಡಿ. ಮುಂದಿನ ಪಾದ 18ರಿಂದ 24, ಹಿಂದಿನದು ಮೈನಸ್ 6ರಿಂದ ಪ್ಲಸ್ 9, ಈ ಹರವಿನೊಳಗೆ ಹೆಚ್ಚಿನವರ ನಿಲುವು ಸಿಕ್ಕಿಬಿಡುತ್ತದೆ. ಪಾರ್ಕಿನ ನಿಲುವಿಗಿಂತ ಅಗಲವನ್ನೂ ಒಂದೆರಡು ಸೆಂಟಿಮೀಟರ್ ಕಡಿಮೆ ಮಾಡಬಹುದು. ಹಾಗೆ ಮಾಡುವಾಗ ಮುಂದಿನ ಬೈಂಡಿಂಗನ್ನು ಹಿಂದಕ್ಕೆ ತರಬೇಕು, ಹಿಂದಿನದನ್ನು ಮುಂದಕ್ಕಲ್ಲ. ಕೋನ ಹೆಚ್ಚಾದಾಗ ಬೈಂಡಿಂಗಿನ ಬೆನ್ನಾಸರೆಯನ್ನೂ, ತಿರುಗುವ ಸೌಲಭ್ಯ ಇದ್ದರೆ, ಬೋರ್ಡಿನ ಹಿಮ್ಮಡಿ ಅಂಚಿಗೆ ಸಮಾನಾಂತರವಾಗಿ ತಿರುಗಿಸಿಕೊಳ್ಳಬೇಕು. ಇಲ್ಲವಾದರೆ ಹಿಂದಕ್ಕೆ ಒರಗಿದಾಗ ಆಸರೆ ಓರೆಯಾಗಿ ಸಿಗುತ್ತದೆ.

ಇನ್ನು ಬೂಟು. ಕೋನಕ್ಕಿಂತ ಮೊದಲು ಬರಬೇಕಾದದ್ದು ಇದೇ. ಬೂಟಿನೊಳಗೆ ಪಾದ ಅಲುಗಾಡುತ್ತಿದ್ದರೆ ಬೈಂಡಿಂಗಿನಲ್ಲಿ ಎಷ್ಟು ನಾಜೂಕಾಗಿ ಕೋನ ಇಟ್ಟರೂ ವ್ಯರ್ಥ. ಎಲ್ಲಕ್ಕಿಂತ ಮುಖ್ಯ ಹಿಮ್ಮಡಿ. ಮಂಡಿ ಮುಂದಕ್ಕೆ ಬಾಗಿಸಿದಾಗ ಹಿಮ್ಮಡಿ ಬೂಟಿನ ತಳದಿಂದ ಏಳಬಾರದು. ಎದ್ದರೆ, ಬೆರಳಿನಂಚಿಗೆ ತಿರುಗಬೇಕೆಂದು ನಾವು ಕೊಟ್ಟ ಒತ್ತಡ ಬೋರ್ಡಿಗೆ ತಡವಾಗಿ ಮುಟ್ಟುತ್ತದೆ. ಗಟ್ಟಿ ಹಿಮದಲ್ಲಿ ಆ ತಡವನ್ನು ಹೇಗೋ ಸರಿದೂಗಿಸಬಹುದು. ಭಾರದ ಪೌಡರಿನಲ್ಲಿ ಅಷ್ಟರೊಳಗೆ ಮರ ಹತ್ತಿರ ಬಂದಿರುತ್ತದೆ.

ಅಳತೆಗೆ ಮಾಂಡೋಪಾಯಿಂಟ್ ಎಂಬ ಪದ್ಧತಿ ನಂಬಿಕಸ್ಥ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು, ಅತಿ ಉದ್ದದ ಬೆರಳಿನ ತುದಿಯವರೆಗೆ ಅಳೆದರೆ ಬರುವ ಸೆಂಟಿಮೀಟರೇ ಸೈಜು. 27 ಸೆಂಟಿಮೀಟರ್ ಪಾದಕ್ಕೆ 27. ದಿನನಿತ್ಯದ ಶೂಗಳ ನಂಬರು ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಅವುಗಳನ್ನು ನಾವು ಸಡಿಲವಾಗಿಯೇ ಕೊಳ್ಳುತ್ತೇವೆ. ಹೊಸ ಬೂಟು ಹಾಕಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ಸೋಕಬೇಕು. ಮಂಡಿ ಬಾಗಿಸಿದಾಗ ತುಸು ಹಿಂದೆ ಸರಿಯಬೇಕು. ಒಳಗಿನ ಲೈನರ್ ಬಳಸುತ್ತ ಬಳಸುತ್ತ ಅಮುಕಿ ಜಾಗ ಬಿಡುತ್ತದೆ. ಹಾಗಾಗಿ ಅಂಗಡಿಯಲ್ಲೇ ಆರಾಮ ಎನಿಸಿದ ಬೂಟು ಕೆಲವೇ ವಾರಗಳಲ್ಲಿ ದೊಡ್ಡದಾಗುತ್ತದೆ. ಹಲವು ಲೈನರುಗಳನ್ನು ಬಿಸಿಮಾಡಿ ನಮ್ಮ ಪಾದದ ಆಕಾರಕ್ಕೆ ಕೂರಿಸಬಹುದು. ಆ ಸೇವೆ ಇರುವ ಅಂಗಡಿಗೆ ದೂರವಾದರೂ ಹೋಗುವುದು ಲೇಸು.

ನಮ್ಮವರಿಗೆ ಇನ್ನೊಂದು ವಿಷಯವನ್ನು ವಿಶೇಷವಾಗಿ ಹೇಳಬೇಕು. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದ ಬೆರಳುಗಳ ಕಡೆ ಅಗಲವಾಗಿರುತ್ತದೆ. ದಕ್ಷಿಣ ಭಾರತದ ಬರಿಗಾಲ ನಡಿಗೆಯವರನ್ನು ಅಳೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ, ಸದಾ ಶೂ ತೊಡುವವರಿಗಿಂತ ಅವರ ಪಾದ ಅಗಲ, ನಡೆಯುವಾಗ ಒತ್ತಡ ಪಾದದಡಿ ಹೆಚ್ಚು ಸಮನಾಗಿ ಹರಡುತ್ತದೆ ಎಂದು ಕಂಡುಕೊಂಡಿತು. ಇದು ಪಾದದ ದೋಷವಲ್ಲ, ಆರೋಗ್ಯ. ಆದರೆ ಕಿರಿದಾದ ಬೂಟಿಗೆ ಅದು ಒಗ್ಗುವುದಿಲ್ಲ. ಅಗಲಕ್ಕಾಗಿ ಒಂದು ಸೈಜು ದೊಡ್ಡದು ಕೊಂಡರೆ ಹಿಮ್ಮಡಿ ಸಡಿಲವಾಗುತ್ತದೆ, ಮುಖ್ಯವಾದದ್ದೇ ಕೈತಪ್ಪುತ್ತದೆ. ಅದರ ಬದಲು ಅಗಲ ಅಚ್ಚಿನ ಬೂಟನ್ನೇ ಕೇಳಿ ಪಡೆಯಬೇಕು. ಹಲವು ಕಂಪನಿಗಳು ಮಾಡುತ್ತವೆ. ಬೆಂಗಳೂರಿನಿಂದ ಹಿಮ ನೋಡಲು ಬಂದ ಬಂಧುಗಳನ್ನು ಕರೆದೊಯ್ದಾಗಲೆಲ್ಲ ನಾನು ಬಾಡಿಗೆ ಕೌಂಟರಿನಲ್ಲಿ ಹಟ ಹಿಡಿಯುವುದು ಈ ಒಂದಕ್ಕೆ.

ಬೂಟಿನ ಬಿಗುವಿಗೆ ಕಂಪನಿಗಳು 1ರಿಂದ 10ರವರೆಗೆ ಅಂಕ ಕೊಡುತ್ತವೆ. 1 ಮೆತ್ತಗೆ, 10 ಬಲು ಬಿಗಿ. ಒಂದು ಕಂಪನಿಯ 6 ಇನ್ನೊಂದರ 6ಕ್ಕೆ ಸಮವೆಂದೇನಿಲ್ಲ, ಕೈಯಲ್ಲಿ ಬಾಗಿಸಿ, ಕಾಲಿಗೆ ಹಾಕಿ ನೋಡಬೇಕು. ಪೌಡರಿಗೆ ನನ್ನ ಆಯ್ಕೆ ನಡುಬಿಗುವಿನದು, 5ರಿಂದ 7. ಹಿಮವೇ ಮೆತ್ತಗಿರುವಾಗ ಕಣಕಾಲಿಗೆ ಸಣ್ಣ ಸಣ್ಣ ಚಲನೆ ಬೇಕು. ಬೋರ್ಡಿನ ಓರೆಯನ್ನು ಹದಮಾಡುವುದು ಕಣಕಾಲು. ಅತಿ ಬಿಗಿ ಬೂಟು ಅದನ್ನು ಕಟ್ಟಿಹಾಕುತ್ತದೆ. ಅತಿ ಮೆತ್ತಗಿದ್ದರೆ ನಮ್ಮ ಕ್ಯಾಸ್ಕೇಡಿನ ಭಾರದ ಹಿಮ ಬೋರ್ಡನ್ನು ಎಳೆದ ಕಡೆಗೆಲ್ಲ ಪಾದವೂ ಹೋಗುತ್ತದೆ. ಹೊಕ್ಕೈಡೊದ ಹಗುರ ಹಿಮಕ್ಕೆ ಇನ್ನೂ ತುಸು ಮೆತ್ತಗಿನದು ನಡೆಯುತ್ತದೆ. ಕಣಕಾಲಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ತಾಲಸ್ ಎಂಬ ಮೂಳೆಯ ಹೊರಚಾಚು ಮುರಿಯುವುದಕ್ಕೆ ಸ್ನೋಬೋರ್ಡರನ ಫ್ರ್ಯಾಕ್ಚರ್ ಎಂದೇ ವೈದ್ಯರಲ್ಲಿ ಹೆಸರಿದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಣ್ತಪ್ಪಿ ಉಳುಕು ಎಂದು ಬಿಟ್ಟುಬಿಡುವುದುಂಟು. ಬಿದ್ದ ಮೇಲೆ ಕಣಕಾಲಿನ ಹೊರಬದಿಯ ನೋವು ದಿನಗಟ್ಟಲೆ ಇಳಿಯದಿದ್ದರೆ ಸಿ.ಟಿ. ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ.

ಕಟ್ಟುವ ಬಗೆ ಮೂರು: ಮಾಮೂಲಿ ಲೇಸು, ಎಳೆದರೆ ಬಿಗಿಯುವ ದಾರ, ತಿರುಪಿದರೆ ತಂತಿ ಬಿಗಿಯುವ ಬೋವಾ. ಬೋವಾ 2001ರಲ್ಲಿ ಮೊದಲು ಬಂದದ್ದೇ ಸ್ನೋಬೋರ್ಡ್ ಬೂಟಿನಲ್ಲಿ. ಕೈಗವಸು ತೆಗೆಯದೆ ಬಿಗಿಯಬಹುದು ಎನ್ನುವುದು ದೊಡ್ಡ ಸುಖ. ಲಿಫ್ಟಿಲ್ಲದ ಬೆಟ್ಟದೊಳಗೆ ಹತ್ತಿ ಹೋಗುವವರು ಮಾತ್ರ ಆ ತಂತಿ ಕಿತ್ತುಹೋದರೆ ಏನು ಗತಿ ಎಂದು ಮೊದಲೇ ಯೋಚಿಸಿರಬೇಕು. ಲೇಸು ತುಂಡಾದರೆ ಗಂಟು ಹಾಕಬಹುದು. ಪಾದದ ಮೇಲ್ಭಾಗಕ್ಕೂ ಕಣಕಾಲಿಗೂ ಬೇರೆ ಬೇರೆ ಬಿಗಿತ ಕೊಡುವ ವ್ಯವಸ್ಥೆ ಯಾವುದಿದ್ದರೂ ಒಳ್ಳೆಯದು: ಕೆಳಗೆ ಹಗುರ, ಹಿಮ್ಮಡಿಯ ಬಳಿ ಬಿಗಿ. ಕಾಲುಚೀಲ ಒಂದೇ ಜೊತೆ, ತೆಳುವಾದ ಮೆರಿನೊ ಉಣ್ಣೆಯದು. ಚಳಿಯೆಂದು ಎರಡು ಜೊತೆ ಹಾಕಿದರೆ ರಕ್ತದ ಓಡಾಟಕ್ಕೆ ತಡೆಯಾಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಪ್ಯಾಂಟಿನೊಳಗಿನ ಗೇಟರನ್ನು ಬೂಟಿನ ಮೇಲೆ ಎಳೆದು ಸಿಕ್ಕಿಸಿ, ಹಿಮ ಒಳನುಗ್ಗುವುದು ಅಲ್ಲಿಂದಲೇ. ಸಂಜೆ ಲೈನರ್ ಹೊರತೆಗೆದು ಗಾಳಿಗೆ ಒಣಗಿಸಿ, ಹೀಟರಿನ ಮೇಲೆ ಇಡಬೇಡಿ. ಒದ್ದೆ ಹಿಮದ ನಮ್ಮ ಬೆಟ್ಟದಲ್ಲಿ ಈ ಒಂದು ಅಭ್ಯಾಸವೇ ಮರುದಿನದ ಅರ್ಧ ಸುಖ.

ಸುಖದ ಮಾತಿನ ಜೊತೆಗೇ ಜೀವದ ಮಾತು. ಆಳವಾದ ಹಿಮದಲ್ಲಿ ಮರಗಳ ಬುಡದ ಸುತ್ತ, ಕೆಳಗಿನ ರೆಂಬೆಗಳ ಮರೆಯಲ್ಲಿ, ಪೊಳ್ಳು ಗುಂಡಿ ಉಳಿದಿರುತ್ತದೆ. ಅದರೊಳಗೆ ತಲೆಕೆಳಗಾಗಿ ಬಿದ್ದವರು ತಾವಾಗಿ ಹೊರಬರುವುದು ತೀರ ಕಷ್ಟ. ಬೋರ್ಡು ಕಾಲಿಗೆ ಬಿಗಿದಿರುತ್ತದೆ, ಸಡಿಲ ಹಿಮ ಉಸಿರು ಕಟ್ಟಿಸುತ್ತದೆ. ಪೌಡರ್ ದಿನ ಜೊತೆಗಾರರನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡೇ ಇಳಿಯಬೇಕು. ಬೇಕರಿನಲ್ಲಿ ತಾಣದ ಗಡಿ ದಾಟುವವರ ಬಳಿ ಹಿಮಕುಸಿತದಲ್ಲಿ ಹುಡುಕಲು ಬೇಕಾದ ಟ್ರಾನ್ಸೀವರ್, ಸಲಿಕೆ, ಒಬ್ಬ ಜೊತೆಗಾರ ಇರಲೇಬೇಕೆಂಬ ನಿಯಮವಿದೆ. ದಣಿದ ತೊಡೆಯೇ ಹಲವು ಅಪಾಯಗಳ ಮೂಲ. ನಿಲುವು ಸರಿಯಿದ್ದು ಕಾಲಿನಲ್ಲಿ ಕಸುವು ಉಳಿದಿದ್ದರೆ ಮರದಿಂದ ದೂರ ತಿರುಗುವುದಕ್ಕೂ ಆಗುತ್ತದೆ. ಆದ್ದರಿಂದ ಕೋನದ ಈ ಚರ್ಚೆ ಬರೀ ಸೊಗಸಿನದ್ದಲ್ಲ.

ಈಗ ಕರ್ನಾಟಕದಿಂದಲೂ ಜನ ಹಿಮದ ಕಡೆ ಹೊರಟಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗಿನಲ್ಲಿ ರಾಜ್ಯಕ್ಕೆ ಪದಕ ತಂದಿದ್ದಾರೆ. ಗುಲ್ಮಾರ್ಗದ ಗೊಂಡೋಲಾ ಅಫರ್ವತ್ ಬೆಟ್ಟದ ಹೆಗಲಿಗೆ, 3,900 ಮೀಟರಿಗೂ ಮೇಲಕ್ಕೆ ಕರೆದೊಯ್ಯುತ್ತದೆ. ಅಲ್ಲಿಂದ ಕೆಳಕ್ಕೆ ಒಳ್ಳೆಯ ಪೌಡರ್ ಇದೆ, ಹಿಮಕುಸಿತದ ಭಯವೂ ಇದೆ. ಅನುಭವಿ ಗೈಡ್ ಇಲ್ಲದೆ ಹೋಗಬಾರದು. ಅಲ್ಲಿಗೆ ಹೋಗುವವರಿಗೂ, ನನ್ನ ಹಾಗೆ ದೂರದೇಶದಲ್ಲಿ ನೆಲೆಸಿ ಹಿಮ ಹಚ್ಚಿಕೊಂಡ ಕನ್ನಡಿಗರಿಗೂ ನನ್ನ ಮಾತು ಒಂದೇ. ದುಡ್ಡನ್ನು ಮೊದಲು ಬೂಟಿಗೆ ಹಾಕಿ. ಆಮೇಲೆ ಸಮಯವನ್ನು ಕೋನಕ್ಕೆ ಕೊಡಿ. ಪೌಡರ್ ಬೋರ್ಡು ಎಲ್ಲಕ್ಕಿಂತ ಕೊನೆಗೆ. ಜೇಬಿನಲ್ಲಿ 3ನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್ ಇರಲಿ, ಬೈಂಡಿಂಗಿನ ಸ್ಕ್ರೂಗೆ ಸರಿಯಾಗಿ ಕೂರುವುದು ಅದೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಳಿದು ನೋಡಿ, ಮಂಡಿಯನ್ನು ಕೇಳಿ. ಸ್ಕ್ರೂಗಳನ್ನು ಬಿಗಿಯಾಗಿ ತಿರುಪಿದ್ದೀರಾ ಎಂದು ಪ್ರತಿದಿನ ಬೆಳಿಗ್ಗೆ ನೋಡಿಕೊಳ್ಳಿ. ಬಾಡಿಗೆ ಅಂಗಡಿಯವರು ಬೈಂಡಿಂಗ್ ಇಟ್ಟುಕೊಟ್ಟ ಹಾಗೇ ಒಪ್ಪಿಕೊಳ್ಳಬೇಡಿ. ಹಿಂದಿನ ಪಾದವನ್ನು ತಿರುಗಿಸಿಕೊಡಿ ಎಂದು ಬಾಯಿಬಿಟ್ಟು ಕೇಳಿ, ಐದು ನಿಮಿಷದ ಕೆಲಸ, ಮಾಡಿಕೊಡುತ್ತಾರೆ.